ಸಸಿಯೂ ನೆಲೆಯೂ

ಕಳೆದ ಆಷಾಢದಲ್ಲಿ ನಾನು ಸಂತೆಯಿಂದ ಒಂದು ಕಟ್ಟು ಬದನೆ ಸಸಿಯನ್ನು ಕೊಂಡುತಂದೆ. “ಈರನಗೆರೆ ಬದನೆ ಸ್ವಾಮಿ, ನೆಟ್ಟು ನೋಡಿ” ಎಂದಳು ಮಾರುವ ಮುದುಕಿ. ಈರನಗೆರೆ ನಮ್ಮ ಮೈಸೂರಿನೊಳಗೇ ಇದೆ. ಹೆಸರಿನಲ್ಲಿ ಕೆರೆಯುಂಟು, ಇಂದು ಅಲ್ಲಿ ಕಾಣುವುದು ಒತ್ತೊತ್ತಾದ ಮನೆಗಳು. ಬದನೆ ಮಾತ್ರ ಆ ಹೆಸರನ್ನು ಹೊತ್ತು ಊರಾಚೆಯ ಹೊಲಗಳಿಂದ ಮಾರುಕಟ್ಟೆಗೆ ಬರುತ್ತದೆ.

ನೆಲ ಕಳೆದುಕೊಂಡ ಈ ಗಿಡಕ್ಕೆ ನಗರದಲ್ಲಿ ಮತ್ತೆ ನೆಲೆ ಸಿಕ್ಕಿದ್ದು ಮನೆಗಳ ಹಿತ್ತಿಲಲ್ಲಿ. ಅದರ ಹಿಂದೊಂದು ಕಥೆಯಿದೆ. 1898ರಲ್ಲಿ ಪ್ಲೇಗು ಮಾರಿ ಮೈಸೂರನ್ನು ಹೊಕ್ಕಾಗ ಇಕ್ಕಟ್ಟಾದ ಕೇರಿಗಳು ತತ್ತರಿಸಿದವು. 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪನೆಯಾಯಿತು. ಗಾಳಿ ಬೆಳಕು ಧಾರಾಳವಾಗಿ ಆಡುವ ಹೊಸ ಬಡಾವಣೆಗಳು ಎದ್ದವು. ಆರೋಗ್ಯಕ್ಕೆಂದು ಬಿಟ್ಟ ಬಯಲೇ ಗೃಹಿಣಿಯರ ಕೈಯಲ್ಲಿ ಕಾಯಿಪಲ್ಲೆಯ ಪಾತಿಯಾಯಿತು.

ನೆಲೆಯನ್ನು ಆರಿಸುವುದರಲ್ಲಿ ನಾನು ಒಮ್ಮೆ ಎಡವಿದ್ದೆ. ಹಿಂದಿನ ವರ್ಷ ಟೊಮ್ಯಾಟೊ ಬೆಳೆದಿದ್ದ ಪಾತಿಯಲ್ಲೇ ಬದನೆ ನೆಟ್ಟೆ. ಹೂಬಿಡುವ ಮೊದಲೇ ಗಿಡಗಳು ಜೋತುಬಿದ್ದವು. ಬದನೆ, ಟೊಮ್ಯಾಟೊ, ಮೆಣಸಿನಕಾಯಿ ಒಂದೇ ಕುಲದವು. ಒಂದರ ಸೊರಗು ರೋಗ ಮಣ್ಣಿನಲ್ಲಿ ಉಳಿದು ಇನ್ನೊಂದನ್ನು ಹಿಡಿಯುತ್ತದೆ. ಈ ಸಲ ಹುರುಳಿಕಾಯಿ ಬೆಳೆದಿದ್ದ, ದಿನವೆಲ್ಲ ಬಿಸಿಲು ಬೀಳುವ ಮೂಲೆಯನ್ನು ಆರಿಸಿ, ನೀರು ನಿಲ್ಲದಂತೆ ಮಣ್ಣೇರಿಸಿ, ಸಂಜೆಯ ತಂಪಿನಲ್ಲಿ ನಾಟಿ ಮಾಡಿದೆ. ಮನೆಮಂದಿಯೆಲ್ಲ ವಾಂಗಿಭಾತು ಉಂಡೆವು.

ಆ ಮೂಲೆಯಲ್ಲಿ ಕಾರು ನಿಲ್ಲಿಸಲು ಷೆಡ್ಡು ಕಟ್ಟಿಸೋಣವೆಂಬುದು ಮಗನ ಮಾತು. ಅವನದೂ ಅಗತ್ಯವೇ. ಆದರೂ ಬೀಜಕ್ಕೆಂದು ಒಂದು ಕಾಯಿಯನ್ನು ಗಿಡದಲ್ಲೇ ಹಣ್ಣಾಗಲು ಬಿಟ್ಟಿದ್ದೇನೆ.