ಗಿಡ್ಡ ಕಂಠೀರಾಯಿ ಹಣವೂ ಖೋಟಾ ನಾಣ್ಯವೂ

ಇಂದು ಬೆಂಗಳೂರಿನ ಬಡಾವಣೆಯಾಗಿರುವ ಕತ್ರಿಗುಪ್ಪೆಯು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಹಳ್ಳಿಯಾಗಿದ್ದಿತು. ಆಗ ಮೈಸೂರು ಸೀಮೆಯಲ್ಲಿ ಸಲ್ಲುತ್ತಿದ್ದ ಚಿನ್ನದ ನಾಣ್ಯಗಳಲ್ಲಿ ಕಂಠೀರಾಯಿ ಹಣವು ಮುಖ್ಯವಾದುದು. ಹತ್ತು ಹಣಕ್ಕೆ ಒಂದು ವರಹ. ಇದನ್ನು ಮೊದಲು ಹೊಡೆಯಿಸಿದವರು 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರೂ, ದಿವಾನ್ ಪೂರ್ಣಯ್ಯನವರು ಆ ಹಳೆಯ ಹಣವನ್ನೇ ತಿರುಗಿ ಅಚ್ಚುಹಾಕಿಸಿದರು. ಮೊದಲಿನದು ಅಗಲ ಕಂಠೀರಾಯಿ, ಇದು ಗಿಡ್ಡ ಕಂಠೀರಾಯಿ ಎನಿಸಿತು. ಗತಿಸಿ 140 ವರ್ಷಗಳಾದ ಅರಸರ ಹೆಸರಿನಲ್ಲಿ ಸರ್ಕಾರವೇ ನಾಣ್ಯ ಹೊಡೆದುದು ವಿಚಿತ್ರವೆನಿಸಬಹುದು. ಆದರೆ ಜನರ ನಂಬುಗೆ ಇದ್ದುದು ಪರಿಚಿತವಾದ ಆ ನರಸಿಂಹಮುದ್ರೆಯಲ್ಲಿ.

ಖೋಟಾ ಹಣದವನಿಗೂ ಈ ನಂಬುಗೆಯೇ ಬಂಡವಾಳ. ಅರ್ಧ ಗ್ರಾಮಿಗೂ ಕಡಮೆ ತೂಗುವ ಬಿಲ್ಲೆಯಲ್ಲಿ ಬೆರಕೆಯು ಬರಿಗಣ್ಣಿಗೆ ತಿಳಿಯುವುದೆಂತು? ಒರೆಗಲ್ಲು, ತಕ್ಕಡಿಗಳು ಚಿನಿವಾರನ ಬಳಿ ಇದ್ದುವು. ರೈತನ ಬಳಿ ಇದ್ದುದು ಬೆರಳು ಮಾತ್ರ.

ಟಂಕಸಾಲೆಯು 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ಬಂದು 1843ರಲ್ಲಿ ಮುಚ್ಚಿತು. ಅಷ್ಟರಲ್ಲಿ, 1835ರ ಶಾಸನದಂತೆ, 180 ಗ್ರೇನ್ ತೂಕದ ಕಂಪೆನಿ ರೂಪಾಯಿಯು ಬಂದಿದ್ದಿತು. 1860ರ ಭಾರತೀಯ ದಂಡಸಂಹಿತೆಯು ರಾಣಿಯ ನಾಣ್ಯಕ್ಕೆ ಖೋಟಾ ಮಾಡಿದವನಿಗೆ ಯಾವಜ್ಜೀವ ಗಡೀಪಾರಿನವರೆಗೆ ಶಿಕ್ಷೆಯನ್ನು ವಿಧಿಸಿತು. ಅಷ್ಟೇ ಅಲ್ಲ, ಅರಿಯದೆ ಪಡೆದ ಖೋಟಾ ನಾಣ್ಯವನ್ನು ಅರಿತಮೇಲೆ ನಿಜವೆಂದು ಬೇರೊಬ್ಬನಿಗೆ ದಾಟಿಸಿದವನಿಗೂ 2 ವರ್ಷಗಳವರೆಗೆ ಸೆರೆ, ಇಲ್ಲವೆ ನಾಣ್ಯದ ಬೆಲೆಯ ಹತ್ತರಷ್ಟರವರೆಗೆ ಜುಲ್ಮಾನೆ, ಅಥವಾ ಎರಡೂ. ಮೋಸಹೋದವನು ನಷ್ಟವನ್ನು ತಾನೇ ಹೊತ್ತುಕೊಳ್ಳಬೇಕಾಗಿದ್ದಿತು.