ಸೋಡಾ ಬುಡ್ಡಿ ಮತ್ತು ಕೋಳಿಮರಿ

ಹೋದ ವಾರ ಅಕ್ಕ ಫೋನ್ ಮಾಡಿದ್ದಳು. ಎಂಟು ವರ್ಷದ ಮಗಳಿಗೆ ಕನ್ನಡಕ ಬಂದಿದೆ, ಮೈನಸ್ ಒಂದೂವರೆ. "ನಿನ್ನ ಥರ ಇವಳಿಗೂ ಏರ್ತಾನೇ ಹೋಗುತ್ತೇನೋ?" ಅನ್ನೋದು ಅವಳ ಭಯ. ನನ್ನದು ಈಗ ಮೈನಸ್ ಏಳು. ಪವರ್ ಏರೋದನ್ನ ನಿಧಾನ ಮಾಡೋ ಕಾಂಟ್ಯಾಕ್ಟ್ ಲೆನ್ಸ್ ಇದೆ ಅಂತ ಡಾಕ್ಟರು ಹೇಳಿದರಂತೆ. "ಇದು ನಿಜಾನಾ, ಬರೀ ವ್ಯಾಪಾರಾನಾ?" ಅಂತ ಕೇಳಿದಳು. ನಾನು ಕೋಡ್ ಬರೆಯುವವನು, ಕಣ್ಣಿನ ಡಾಕ್ಟರಲ್ಲ. ಆದರೂ ಎರಡು ರಾತ್ರಿ ಕೂತು ಓದಿದೆ. ಸಿಕ್ಕ ಕಥೆ ಚೆನ್ನಾಗಿತ್ತು, ನಿಮಗೂ ಹೇಳೋಣ ಅನ್ನಿಸಿತು.

ಸಮೀಪದೃಷ್ಟಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದ. ದೂರದ ವಸ್ತುವಿನ ಬಿಂಬ ರೆಟಿನಾದ ಮೇಲೆ ಬೀಳದೆ ಅದರ ಮುಂದೆಯೇ ಬೀಳುತ್ತದೆ. ತಗ್ಗು ಮಸೂರ ಇದನ್ನು ಹೇಗೆ ಸರಿಪಡಿಸುತ್ತದೆ ಎಂದು 1604ರಲ್ಲೇ ವಿವರಿಸಿದವನು ಖಗೋಳಜ್ಞ ಕೆಪ್ಲರ್. ಅವನಿಗೂ ಸಮೀಪದೃಷ್ಟಿ ಇತ್ತು! ಅಲ್ಲಿಂದ ಮುಂದೆ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಮಸೂರ ಅಂದರೆ ಊರುಗೋಲು ಅಷ್ಟೇ. 1888ರಲ್ಲಿ ಫಿಕ್ ವಿವರಿಸಿದ ಗಾಜಿನ ಕಾಂಟ್ಯಾಕ್ಟ್ ಲೆನ್ಸ್ ಆಗಲಿ, 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನ ಓಟ್ಟೊ ವಿಖ್ಟರ್ಲೆ ಮಕ್ಕಳ ಆಟಿಕೆ ಸೆಟ್ ಮತ್ತು ಸೈಕಲ್ ಡೈನಮೋ ಇಟ್ಟುಕೊಂಡು ಮನೆಯಲ್ಲೇ ಮಾಡಿದ ಮೃದು ಲೆನ್ಸ್ ಆಗಲಿ, ಇದ್ದದ್ದು ಸರಿಯಾಗಿ ಕಾಣಲಿ ಅಂತ ಮಾತ್ರ.

ಕಥೆ ತಿರುಗಿದ್ದು ಕೋಳಿಮರಿಗಳಿಂದ. 1978ರಲ್ಲಿ ಅಮೆರಿಕದ ಜೋಶ್ ವಾಲ್ಮನ್ ಮತ್ತು ಸಂಗಡಿಗರು, ಮರಿಗಳಿಗೆ ಕಾಣುವುದನ್ನು ಸ್ವಲ್ಪ ಬದಲಿಸಿದರೂ ಅವಕ್ಕೆ ವಿಪರೀತ ಸಮೀಪದೃಷ್ಟಿ ಬರುತ್ತದೆ ಎಂದು ತೋರಿಸಿದರು. 1988ರಲ್ಲಿ ಇನ್ನೊಂದು ತಂಡ ಮರಿಗಳಿಗೆ ಕನ್ನಡಕ ಹಾಕಿ ನೋಡಿತು. ಮೈನಸ್ ಮಸೂರ ಹಾಕಿದಾಗ ಬಿಂಬ ಹಿಂದಕ್ಕೆ ಹೋಯಿತು, ಅದನ್ನು ಹಿಡಿಯಲು ಕಣ್ಣೇ ಹಿಂದಕ್ಕೆ ಬೆಳೆಯಿತು. ಪ್ಲಸ್ ಹಾಕಿದಾಗ ಬೆಳವಣಿಗೆ ನಿಧಾನವಾಯಿತು. ಅಂದರೆ ಕಣ್ಣು ನೋಡಿಕೊಂಡು ಬೆಳೆಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪಕ್ಕಾ ಫೀಡ್‌ಬ್ಯಾಕ್ ಲೂಪ್!

ಮುಂದೆ 2005ರಲ್ಲಿ ಹ್ಯೂಸ್ಟನ್ನಿನ ಅರ್ಲ್ ಸ್ಮಿತ್ ಅವರ ತಂಡ ಕೋತಿಮರಿಗಳಲ್ಲಿ ಇನ್ನೊಂದು ವಿಷಯ ಕಂಡುಕೊಂಡಿತು. ನಡುವೆ ಸ್ಪಷ್ಟವಾಗಿ ಕಾಣುವಂತಿದ್ದರೂ ಅಂಚಿನಲ್ಲಿ ಮಸುಕಾಗಿದ್ದರೆ ಅದೂ ಬೆಳವಣಿಗೆಯನ್ನು ಬದಲಿಸುತ್ತದೆ. ಹಾಗಾದರೆ ನಡುವೆ ಸ್ಪಷ್ಟವಾಗಿ ಕಾಣಿಸುತ್ತಾ, ಜೊತೆಗೆ "ಸಾಕು, ನಿಲ್ಲು" ಅಂತ ಸೂಚನೆ ಕೊಡುವ ಲೆನ್ಸ್ ಮಾಡಬಹುದಲ್ಲ?

ಮಾಮೂಲಿ ಲೆನ್ಸ್‌ನಿಂದ ಅದು ಆಗಲಿಲ್ಲ. 2008ರಲ್ಲಿ ಅಮೆರಿಕದ ವಾಲೈನ್ ಅವರ ತಂಡ ಮಕ್ಕಳಿಗೆ ಸಾಮಾನ್ಯ ಮೃದು ಲೆನ್ಸ್ ಹಾಕಿಸಿ ನೋಡಿತು. ಕನ್ನಡಕಕ್ಕಿಂತ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ರಾತ್ರಿ ಮಲಗುವಾಗ ಹಾಕಿಕೊಂಡು ಬೆಳಿಗ್ಗೆ ತೆಗೆಯುವ ಗಟ್ಟಿ ಲೆನ್ಸ್ ಮಾತ್ರ ಹಾಂಗ್‌ಕಾಂಗ್‌ನ 2012ರ ಪ್ರಯೋಗದಲ್ಲಿ ಎರಡು ವರ್ಷದಲ್ಲಿ ಕಣ್ಣು ಉದ್ದವಾಗುವುದನ್ನು ಶೇ. 43ರಷ್ಟು ನಿಧಾನಗೊಳಿಸಿತು. ಆಮೇಲೆ ಬಂದದ್ದು ಉಂಗುರದ ಮೇಲೆ ಉಂಗುರ ಇಟ್ಟಂತೆ ಎರಡು ಪವರ್ ಇರುವ ಮೃದು ಲೆನ್ಸ್, ಮಿಸೈಟ್. ಮೂರು ವರ್ಷದಲ್ಲಿ ಮಾಮೂಲಿ ಲೆನ್ಸ್ ಹಾಕಿದ ಮಕ್ಕಳ ಪವರ್ ಸರಾಸರಿ 1.24 ಏರಿದರೆ, ಇದನ್ನು ಹಾಕಿದವರದು 0.51. 2019ರ ನವೆಂಬರ್‌ನಲ್ಲಿ ಅಮೆರಿಕ ಇದಕ್ಕೆ ಒಪ್ಪಿಗೆ ಕೊಟ್ಟಿತು, 8ರಿಂದ 12 ವರ್ಷದೊಳಗೆ ಹಾಕಲು ಶುರುಮಾಡುವ ಮಕ್ಕಳಿಗೆ.

ಓದುತ್ತಾ ನನಗೆ ಚುಚ್ಚಿದ್ದು ಬೇರೆಯೇ. 2006ರಲ್ಲಿ, ನಾಲ್ಕನೇ ಕ್ಲಾಸಿನಲ್ಲಿ ನನಗೆ ಕನ್ನಡಕ ಬಂದಾಗ ಊರಿನ ಅಂಗಡಿಯವರು "ಪೂರ್ತಿ ಪವರ್ ಕೊಟ್ರೆ ಕಣ್ಣು ಸೋಮಾರಿ ಆಗುತ್ತೆ" ಅಂತ ಬೇಕೆಂದೇ ಕಡಿಮೆ ಕೊಟ್ಟಿದ್ದರು. ಅಪ್ಪನೂ ಒಪ್ಪಿದ್ದರು. ಬೋರ್ಡ್ ಕಾಣದೆ ಪಕ್ಕದವನ ನೋಟ್ಸ್ ನೋಡಿ ಬರೆದುಕೊಳ್ಳುತ್ತಿದ್ದೆ. ಹಾಗೆ ಕಡಿಮೆ ಕೊಟ್ಟರೆ ಪವರ್ ಏರುವುದು ತಪ್ಪುವುದಿಲ್ಲ, ಇನ್ನಷ್ಟು ಜಾಸ್ತಿಯೇ ಏರುತ್ತದೆ ಎಂದು ಮಲೇಷಿಯಾದ 94 ಮಕ್ಕಳ ಅಧ್ಯಯನ 2002ರಲ್ಲೇ ಹೇಳಿತ್ತು! ಅಪ್ಪನ ಮೇಲೆ ಸಿಟ್ಟಿಲ್ಲ ಬಿಡಿ, ಅವರಿಗೆ ಯಾರು ಹೇಳಬೇಕಿತ್ತು?

ಅಕ್ಕನಿಗೆ ಇಷ್ಟು ಹೇಳಿದೆ: ಇದು ಮಾಯಾಜಾಲ ಅಲ್ಲ. ಪವರ್ ಪೂರ್ತಿ ನಿಲ್ಲಲ್ಲ, ಉದ್ದ ಆದ ಕಣ್ಣು ಮತ್ತೆ ಗಿಡ್ಡ ಆಗಲ್ಲ. ಕೈ ತೊಳೆಯದೆ ಲೆನ್ಸ್ ಮುಟ್ಟಿದರೆ ಸೋಂಕಿನ ಭಯವೂ ಇದೆ. ಆದರೆ ಪವರ್ ತುಂಬಾ ಏರಿದಷ್ಟೂ ಮುಂದೆ ರೆಟಿನಾ ಕಳಚಿಕೊಳ್ಳುವ ಅಪಾಯ ಜಾಸ್ತಿ, ಅದಕ್ಕೇ ಕಣ್ಣು ಬೆಳೆಯುವ ಈ ವಯಸ್ಸು ಮುಖ್ಯ. ಡಾಕ್ಟರ ಹತ್ತಿರ ಕೂತು ಸರಿಯಾಗಿ ಕೇಳು, ಸಂಜೆ ಹೊತ್ತು ಮಗೂನ ಆಡೋಕೆ ಹೊರಗೆ ಬಿಡು.

ನನ್ನ ಕಾಲ ಮುಗೀತು, ಅವಳದು ಈಗ ಶುರು. ಅಂದ ಹಾಗೆ, ಇದನ್ನು ಓದುತ್ತಿರುವ ಸೋಡಾ ಬುಡ್ಡಿಗಳು ಎಷ್ಟು ಜನ ಇದ್ದೀರಿ? ಕೈ ಎತ್ತಿ ನೋಡೋಣ :-)