ಕೊಕ್ಕೆಯ ಕಡ್ಡಿಯೂ ಅಡುಗೆಮನೆಯ ಅರಿವೆಯೂ

ಅರಸರ ಪೀತಾಂಬರಗಳಿಗೂ ಶ್ರೀಮಂತರ ಕಂಠವಸ್ತ್ರಗಳಿಗೂ ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಗಳುಂಟು. ತಟ್ಟೆ ಲೋಟಗಳನ್ನು ಉಜ್ಜಿ ಉಜ್ಜಿ ಸವೆದು, ಜಿಡ್ಡನ್ನೆಲ್ಲ ತಾನು ಹೀರಿಕೊಂಡು, ಕಡೆಗೆ ತಿಪ್ಪೆಯ ಪಾಲಾಗುವ ಅರಿವೆಯ ತುಂಡಿಗೆ ಅಂಥ ಭಾಗ್ಯವಿಲ್ಲ. ಆದಕಾರಣ, ಕೊಕ್ಕೆಯ ಕಡ್ಡಿಯೊಂದರಿಂದಲೇ ಹತ್ತಿಯ ನೂಲನ್ನು ಉಬ್ಬುತಗ್ಗುಗಳು ಮೂಡುವಂತೆ ಹೆಣೆದು, ಯುರೋಪು ಅಮೆರಿಕಗಳ ಗೃಹಿಣಿಯರು ಪಾತ್ರೆ ತೊಳೆಯಲು ಇರಿಸಿಕೊಳ್ಳುತ್ತಿದ್ದ ಚೌಕಾಕಾರದ ವಸ್ತ್ರದ ಚರಿತ್ರೆಯನ್ನು ಹೇಳಹೊರಟವನು, ಅದರ ಕುಲೀನ ಸೋದರಿಯಾದ ಲೇಸಿನ ಚರಿತ್ರೆಯಿಂದಲೇ ಆರಂಭಿಸಬೇಕಾಗುತ್ತದೆ. ಉಳಿದಿರುವುದು ಅದು, ಸವೆದುಹೋಗಿರುವುದು ಇದು.

ಒಂಟಿ ಕೊಕ್ಕೆಯ ಈ ಹೆಣಿಗೆ, ಎಂದರೆ ಕ್ರೋಶಾ, ಅತಿ ಪ್ರಾಚೀನವಾದ ಕಲೆಯೆಂಬ ಮಾತು ಬಹಳ ಕಡೆ ಕೇಳಿಬರುವುದಾದರೂ, ಅದಕ್ಕೆ ತಕ್ಕ ಆಧಾರ ದೊರೆಯುವುದಿಲ್ಲ. ಎರಡು ಕಡ್ಡಿಗಳ ಹೆಣಿಗೆಗೆ ಮಧ್ಯಯುಗದ ಈಜಿಪ್ಟಿನ ಕಾಲುಚೀಲಗಳು ಸಾಕ್ಷಿಯಾಗಿ ಉಳಿದಿವೆ. ಒಂಟಿ ಕೊಕ್ಕೆಯ ಹೆಣಿಗೆಗೆ ಅಂಥ ಪುರಾತನ ಸಾಕ್ಷಿಯಿಲ್ಲ. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ, ದುಂಡನೆಯ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಕೊಕ್ಕೆಯ ಸೂಜಿಯಿಂದ ಕೆಳಗಣ ನೂಲನ್ನು ಮೇಲಕ್ಕೆಳೆದು, ಕುಣಿಕೆಯೊಳಗೆ ಕುಣಿಕೆಯನ್ನು ತೂರಿಸುವ ಒಂದು ಕಸೂತಿ ಪ್ರಚಾರಕ್ಕೆ ಬಂದಿತು. ಅದು ಪೂರ್ವದೇಶಗಳಿಂದ ಹೋದುದೆಂಬುದನ್ನು ಯುರೋಪಿನವರೇ ಒಪ್ಪುತ್ತಾರೆ. ಚರ್ಮ ಹೊಲಿಯುವ ಆರಿಯನ್ನೇ ಸಣ್ಣದು ಮಾಡಿಕೊಂಡು ರೇಷ್ಮೆಯ ಹೂಬಳ್ಳಿಗಳನ್ನು ಮೂಡಿಸುತ್ತಿದ್ದ ಕಚ್ಛದ ಮೋಚಿಗಳ ಕೈಕೆಲಸವೂ ಇದೇ ಜಾತಿಯದು. ಬಟ್ಟೆಯ ಆಸರೆಯನ್ನೇ ತೆಗೆದುಹಾಕಿ ಆ ಸರಪಳಿಯನ್ನು ಬರಿಯ ಗಾಳಿಯಲ್ಲಿ ಹೆಣೆದಾಗ ಕ್ರೋಶಾ ಹುಟ್ಟಿತೆಂದು ಹಲವರ ಮತ. ಸ್ಕಾಟ್ಲೆಂಡಿನ ಕುರುಬರ ಕೊಕ್ಕೆಹೆಣಿಗೆಯೇ ಅದರ ಮೂಲವೆನ್ನುವವರೂ ಇದ್ದಾರೆ. ಅಚ್ಚಾದ ಮಾದರಿಗಳಲ್ಲಿ ಮೊದಲನೆಯವೆಂದು ತಿಳಿದುಬಂದಿರುವುವು 1823ರಲ್ಲಿ ಹಾಲೆಂಡಿನ ‘ಪೆನೆಲೊಪೆ’ ಎಂಬ ಮಹಿಳಾ ಪತ್ರಿಕೆಯಲ್ಲಿ ಬಂದುವು. ಅವೂ ಕೈಚೀಲಗಳ ಮಾದರಿಗಳೇ ಹೊರತು ಅಡುಗೆಮನೆಯ ಕಡೆಗೆ ತಿರುಗಿ ನೋಡಿದವಲ್ಲ.

ಈ ವಿನೋದದ ಕಸುಬು ಹೊಟ್ಟೆಪಾಡಿನ ಕಸುಬಾದುದು 1840ರ ದಶಕದಲ್ಲಿ. ಲಂಡನ್ನಿನಲ್ಲಿದ್ದ ಎಲಿಯನೋರ್ ರಿಯೇಗೊ ದ ಲಾ ಬ್ರಾಂಶಾರ್ಡಿಯೇರ್ ಎಂಬಾಕೆ, ವೆನಿಸಿನ ಸೂಜಿಲೇಸನ್ನು ಅನುಕರಿಸುವ ಕ್ರೋಶಾ ಮಾದರಿಗಳನ್ನು ಪುಸ್ತಕದ ಮೇಲೆ ಪುಸ್ತಕವಾಗಿ ಪ್ರಕಟಿಸತೊಡಗಿದಳು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯ ಬೆಳೆಗೆ ಅಂಗಮಾರಿ ತಗಲಿ, ಅದನ್ನೇ ಅನ್ನವಾಗಿ ನಂಬಿದ್ದ ಜನರಲ್ಲಿ ಸುಮಾರು ಹತ್ತು ಲಕ್ಷ ಮಂದಿ ಹಸಿವು ರೋಗಗಳಿಂದ ಸತ್ತು, ಮತ್ತೆ ಅಷ್ಟೇ ಮಂದಿ ಹಡಗು ಹತ್ತಿ ದೇಶವನ್ನೇ ಬಿಟ್ಟುಹೋದ ಆ ಘೋರ ವರ್ಷಗಳಲ್ಲಿ, ಕಾರ್ಕ್ ಬಳಿಯ ಉರ್ಸುಲಿನ್ ಸನ್ಯಾಸಿನಿಯರೂ, ಕ್ಲೋನ್ಸ್ ಎಂಬ ಊರಿನ ಪಾದ್ರಿಯ ಪತ್ನಿ ಕಸ್ಸಾಂಡ್ರಾ ಹ್ಯಾಂಡ್ ಎಂಬಾಕೆಯೂ, ಬಡ ಹೆಣ್ಣುಮಕ್ಕಳ ಕೈಗೆ ಕೊಕ್ಕೆಯನ್ನೂ ಹತ್ತಿಯ ನೂಲನ್ನೂ ಕೊಟ್ಟರು. ಒಬ್ಬಳು ಗುಲಾಬಿಯನ್ನೇ, ಮತ್ತೊಬ್ಬಳು ಎಲೆಯನ್ನೇ ಹೆಣೆಯುವಳು. ಇನ್ನೊಬ್ಬಳು ಅವೆಲ್ಲವನ್ನೂ ಜಾಲದಲ್ಲಿ ಕೂಡಿಸಿ ಕೊರಳಪಟ್ಟಿಯನ್ನಾಗಿ ಮಾಡುವಳು. ಸೂಜಿಲೇಸಿಗೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಇದರಲ್ಲಿ ಬಲುಬೇಗ ಮುಗಿಯುತ್ತಿದ್ದಿತಾದ್ದರಿಂದ, ಲಂಡನ್ ಪ್ಯಾರಿಸ್‌ಗಳ ಸಿರಿವಂತೆಯರ ಉಡುಪಿನ ಶೋಭೆ ಐರ್ಲೆಂಡಿನ ಗುಡಿಸಲುಗಳ ಒಲೆಯನ್ನು ಹೊತ್ತಿಸಿತು. ಇದನ್ನು ದಾನವೆಂದು ಹೊಗಳುವವರುಂಟು. ನನಗಾದರೋ, ಬೆರಳು ನೋಯುವಂತೆ ದುಡಿದು ತಿಂದ ಅನ್ನಕ್ಕೆ ದಾನವೆಂಬ ಹೆಸರು ಒಪ್ಪುವುದೆಂದು ತೋರುವುದಿಲ್ಲ.

ಆದರೆ ಲೇಸಿನ ಕೊಕ್ಕೆ ಅಡುಗೆಮನೆಗೆ ಇಳಿಯಬೇಕಾದರೆ ನೂಲು ಅಗ್ಗವಾಗಬೇಕಷ್ಟೆ. ನೆಪೋಲಿಯನ್ನನ ದಿಗ್ಬಂಧನದಿಂದ ರೇಷ್ಮೆ ದುರ್ಲಭವಾದಾಗ, ಸ್ಕಾಟ್ಲೆಂಡಿನ ಪೇಸ್ಲಿಯಲ್ಲಿ ಕ್ಲಾರ್ಕ್ ಮನೆತನದವರು 1812ರ ಸುಮಾರಿಗೆ ಹತ್ತಿಯಿಂದಲೇ ನಯವಾದ ಹೊಲಿಗೆದಾರವನ್ನು ತೆಗೆದರು. ಅದೇ ಊರಿನ ಕೋಟ್ಸ್ ಮನೆತನದವರು ಅವರೊಡನೆ ಸ್ಪರ್ಧಿಸಿ ಕಡೆಗೆ ಒಂದಾದರು; ನಮ್ಮ ಪೇಟೆಗಳಲ್ಲಿ ಹೆಣ್ಣುಮಕ್ಕಳು ಹೆಸರು ಹೇಳಿ ಕೇಳುವ ಆಂಕರ್ ದಾರ ಆ ವಂಶಕ್ಕೆ ಸೇರಿದುದು. 1844ರಲ್ಲಿ ಜಾನ್ ಮರ್ಸರ್ ಎಂಬ ರಸಾಯನಜ್ಞನು ಹತ್ತಿಯ ಬಟ್ಟೆಯನ್ನು ತೀಕ್ಷ್ಣ ಕ್ಷಾರದಲ್ಲಿ ಅದ್ದಿ ಬಲಪಡಿಸುವುದನ್ನೂ, 1890ರ ವೇಳೆಗೆ ಹೊರೇಸ್ ಲೋ ಎಂಬಾತನು ಹಾಗೆ ಅದ್ದುವಾಗ ಬಿಗಿಯಾಗಿ ಎಳೆದುಹಿಡಿದರೆ ರೇಷ್ಮೆಯಂಥ ಹೊಳಪು ಬರುವುದನ್ನೂ ಕಂಡುಕೊಂಡರು. ಹೊಳಪಿನ ಸಣ್ಣ ನೂಲು ಮೇಜಿನ ಹಾಸಿಗೆ ಸಂದಿತು. ಹೊಳಪಿಲ್ಲದ ದಪ್ಪ ನೂಲು ಅಡುಗೆಮನೆಗೆ ಉಳಿಯಿತು.

ನೂಲಿನ ಈ ಅಗ್ಗದ ಹಿಂದೆ ಅಮೆರಿಕದ ದಕ್ಷಿಣ ಪ್ರಾಂತಗಳ ಗುಲಾಮರ ಬೆವರಿತ್ತೆಂಬುದನ್ನು ಮರೆಯಲಾಗದು. ನಮ್ಮ ನಾಡಿನ ಕರಿಮಣ್ಣೂ ಆ ವ್ಯಾಪಾರದ ಜಾಲದಿಂದ ಹೊರಗುಳಿಯಲಿಲ್ಲ. ಕಂಪನಿ ಸರ್ಕಾರದವರು 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜವನ್ನು ತರಿಸಿ ಹಲವೆಡೆ ಬಿತ್ತಿಸಿದಾಗ, ಅದು ನೆಲವನ್ನು ಒಪ್ಪಿ ಬೆಳೆದುದು ಧಾರವಾಡದ ಸೀಮೆಯಲ್ಲಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಲ್ಯಾಂಕಷೈರಿನ ಗಿರಣಿಗಳು ಹತ್ತಿಯಿಲ್ಲದೆ ಬಾಯಿಬಿಟ್ಟಾಗ, ಧಾರವಾಡದ ಅಂಡಿಗೆಗಳು ಘಟ್ಟ ಇಳಿದು ಬಂದರುಗಳತ್ತ ಧಾವಿಸಿದುವು. ಇಲ್ಲಿಯ ನಾಟಿ ಹತ್ತಿಗಂತೂ ಅದು ಹಡಗು ಹತ್ತುತ್ತಿದ್ದ ಬಂದರಿನಿಂದ ಕುಮಟಾ ಹತ್ತಿ ಎಂದೇ ಹೆಸರಾಯಿತು. 1865ರಲ್ಲಿ ಯುದ್ಧ ಮುಗಿದೊಡನೆ ಧಾರಣೆ ಕುಸಿದು ಬಿದ್ದುದು ರೈತನ ಕೊರಳಿಗೆ ಬಂದಿತೆಂಬುದು ಬೇರೆಯೇ ಕಥೆ.

ಪಾತ್ರೆಯ ಅರಿವೆಗೆ ನೂಲು ಯಾವಾಗಲೂ ಅಂಗಡಿಯಿಂದಲೇ ಬರುತ್ತಿದ್ದಿತೆಂದೇನೂ ಅಲ್ಲ. ಅಮೆರಿಕದಲ್ಲಿ ಹಿಟ್ಟು, ಸಕ್ಕರೆ, ಕೋಳಿಮೇವುಗಳು ಹತ್ತಿಬಟ್ಟೆಯ ಚೀಲಗಳಲ್ಲಿ ಬರುತ್ತಿದ್ದ ಕಾಲದಲ್ಲಿ, ಚೀಲದ ಬಾಯನ್ನು ಸರಪಳಿ ಹೊಲಿಗೆಯಿಂದ ಹೊಲಿದಿರುತ್ತಿದ್ದರು. ಸರಿಯಾದ ತುದಿಯನ್ನು ಹಿಡಿದೆಳೆದರೆ ಇಡೀ ಹೊಲಿಗೆ ಸರಸರನೆ ಬಿಚ್ಚಿ ದಾರ ಅಖಂಡವಾಗಿ ಕೈಗೆ ಬರುತ್ತಿದ್ದಿತು. ಚೀಲದ ಬಟ್ಟೆ ಮಕ್ಕಳ ಅಂಗಿಯಾಗುತ್ತಿತ್ತು, ದಾರ ಉಂಡೆಗೆ ಸೇರುತ್ತಿತ್ತು. ಅರ್ಥವ್ಯವಸ್ಥೆ ಕುಸಿದ 1930ರ ದಶಕದಲ್ಲಿ ಆ ಉಂಡೆಗಳಿಂದ ಎಷ್ಟೋ ಮನೆಗಳಲ್ಲಿ ಬಿಸಿಪಾತ್ರೆ ಹಿಡಿಯುವ ಅರಿವೆಗಳೂ ತೊಳೆಯುವ ಅರಿವೆಗಳೂ ಮೂಡಿದುವು.

ತೊಳೆಯುವ ಅರಿವೆಯ ರಚನೆಯನ್ನು ಸ್ವಲ್ಪ ವಿವರವಾಗಿ ನೋಡುವುದುಚಿತ. ಮೊದಲು ಒಂದು ಗೇಣಿಗಿಂತ ತುಸು ಹೆಚ್ಚು ಉದ್ದದ ಸರಪಳಿ. ಅದರ ಮೇಲೆ, ನೂಲನ್ನು ಕೊಕ್ಕೆಗೆ ಸುತ್ತಿ ಎಳೆದು ನಿಲ್ಲಿಸುವ ಕಂಬಗಳ ಸಾಲು. ಎರಡನೆಯ ಸಾಲಿನಲ್ಲಿ ಕೊಕ್ಕೆಯನ್ನು ಹಿಂದಿನ ಕಂಬದ ತಲೆಗೆ ಚುಚ್ಚದೆ, ಅದರ ಮೈಯನ್ನೇ ಬಳಸಿ ತಂದರೆ, ಹೊಸ ಕಂಬ ಮುಂದಕ್ಕೆ ಉಬ್ಬಿ ನಿಲ್ಲುತ್ತದೆ. ಉಬ್ಬಿದ ಕಂಬಗಳ ನಡುವೆ ಸಾದಾ ಕಂಬಗಳನ್ನು ಲೆಕ್ಕವಿಟ್ಟು ಹಾಕುತ್ತ ಹೋದರೆ, ಜೇನುಹಟ್ಟಿನಂತೆ ಗೋಡೆಗಳೂ ಗುಳಿಗಳೂ ಏರ್ಪಡುವುವು. ಅರ್ಧಕ್ಕೆ ನಿಲ್ಲಿಸಿದ ನಾಲ್ಕೈದು ಕಂಬಗಳನ್ನು ಒಂದೇ ಕುಣಿಕೆಯಲ್ಲಿ ಬಿಗಿದರೆ ಗುಂಡನೆಯ ಗಂಟೊಂದು ಏಳುವುದು. ಇದು ಬರಿಯ ಅಲಂಕಾರವಲ್ಲ: ಗೋಡೆ ಅಂಟಿದ ಎಂಜಲನ್ನು ಕೆರೆಯುತ್ತದೆ, ಗುಳಿ ನೀರನ್ನೂ ನೊರೆಯನ್ನೂ ಹಿಡಿದಿಡುತ್ತದೆ. ಹತ್ತಿಯೇ ಏಕೆಂದರೆ, ಉಣ್ಣೆ ಕುದಿನೀರಿನಲ್ಲಿ ಗಡುಸಾಗಿ ಕುಗ್ಗುತ್ತದೆ, ಕೃತಕನೂಲು ನೀರನ್ನು ಒಲ್ಲದು. ಹತ್ತಿಯಾದರೋ ನೆನೆದಾಗ ಒಣಗಿದ್ದಾಗಿಗಿಂತಲೂ ಬಲವಾಗುವುದು, ಕುದಿಸಿದರೂ ಕೆಡದು.

ಇಷ್ಟು ಗುಣಗಳಿದ್ದೂ ಈ ಅರಿವೆ ನಮ್ಮ ಅಡುಗೆಮನೆಗೆ ಬರಲಿಲ್ಲವೇಕೆ? ಹೆಣೆಯಬಲ್ಲ ಕೈಗಳಿಲ್ಲದೆ ಅಲ್ಲ. ಮಿಷನರಿಗಳ ಬಾಲಿಕಾ ಪಾಠಶಾಲೆಗಳು ಹೊಲಿಗೆ ಹೆಣಿಗೆಗಳನ್ನು ಕಲಿಸಿದ್ದುವು. ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಯಲ್ಲಿ ರೇಡಿಯೋವಿನ ಮೇಲೆ, ಮೇಜಿನ ಮೇಲೆ, ಹಾಲಿನ ಪಾತ್ರೆಯ ಮೇಲೆ ಅಂಚಿಗೆ ಮಣಿ ಕಟ್ಟಿದ ಮುಚ್ಚಳವಾಗಿ, ಬಾಗಿಲಿಗೆ ತೋರಣವಾಗಿ ಕ್ರೋಶಾ ಕಾಣದ ಸ್ಥಳವೇ ಇರಲಿಲ್ಲ. ಒಲೆಯ ಹತ್ತಿರ ಮಾತ್ರ ಅದಕ್ಕೆ ಪ್ರವೇಶವಿರಲಿಲ್ಲ. ಪಾಶ್ಚಾತ್ಯರದು ತೊಟ್ಟಿಯ ಬಿಸಿನೀರಿನಲ್ಲಿ ಪಿಂಗಾಣಿಯನ್ನು ಮುಳುಗಿಸಿ ಅರಿವೆಯಿಂದ ತೊಳೆಯುವ ಪದ್ಧತಿ. ನಮ್ಮದು ಹಿತ್ತಾಳೆ ತಾಮ್ರಗಳನ್ನು ಹುಣಿಸೆಹಣ್ಣು, ಬೂದಿ, ತೆಂಗಿನ ನಾರುಗಳಿಂದ ತಿಕ್ಕಿ, ಧಾರೆಯ ನೀರಿನಲ್ಲಿ ಗಲಬರಿಸಿ, ಬಿಸಿಲಿಗೆ ಬೋರಲು ಹಾಕುವ ಪದ್ಧತಿ. ಎಂಜಲು ಮುಸುರೆಗಳ ವಿಚಾರದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದ ಮನೆಯಲ್ಲಿ, ಮುಸುರೆಯನ್ನುಂಡ ಅದೇ ಬಟ್ಟೆಯನ್ನು ಹಿಂಡಿ ಮತ್ತೆ ಮರುದಿನದ ಪಾತ್ರೆಗೆ ತಾಗಿಸುವುದೆಂದರೆ ಅನಾಚಾರವೇ ಸರಿ. ಬಿಸಿ ಪಾತ್ರೆ ಇಳಿಸಲು ಮಸಿಬಟ್ಟೆ ಇದ್ದೇ ಇತ್ತು. ಅದು ಹಳೆಯ ಪಂಚೆಯನ್ನು ಹರಿದರೆ ಆಗುವಂಥದು. ಮಸಿಬಟ್ಟೆಗೆಂದು ದುಡ್ಡು ಕೊಟ್ಟು ಹೊಸ ನೂಲು ತಂದು ನಾಲ್ಕು ಸಂಜೆ ಕೂತು ಹೆಣೆದ ಸೊಸೆಯನ್ನು ಯಾವ ಅತ್ತೆಯೂ ಮನೆವಾರ್ತೆ ಬಲ್ಲವಳೆನ್ನುತ್ತಿರಲಿಲ್ಲ.

ಪಾಶ್ಚಾತ್ಯರ ಮನೆಗಳಲ್ಲೂ ಸ್ವೀಡನ್ನಿನ ಕರ್ಟ್ ಲಿಂಡ್‌ಕ್ವಿಸ್ಟ್ 1949ರಲ್ಲಿ ಹೊರತಂದ ವೆಟೆಕ್ಸ್ ಎಂಬ ಸೆಲ್ಯುಲೋಸ್ ಬಟ್ಟೆಯೂ, ಅನಂತರ ಉಜ್ಜುವ ನೈಲಾನ್ ನಾರೂ ಬಂದು ಹೆಣೆದ ಅರಿವೆಯನ್ನು ಬಹುಮಟ್ಟಿಗೆ ತಳ್ಳಿಹಾಕಿದುವು. ಪ್ಲಾಸ್ಟಿಕ್ಕಿನ ಮೇಲೆ ಬೇಸರ ಬಂದ ಈಚಿನ ವರ್ಷಗಳಲ್ಲಿ ಅದು ಮತ್ತೆ ಕಾಣಿಸಿಕೊಳ್ಳುತ್ತಿದೆ. ನಮ್ಮಲ್ಲಿ ರೇಡಿಯೋವಿನೊಡನೆ ಅದರ ಹೊದಿಕೆಯೂ ಮರೆಯಾಯಿತು. ಕೊಕ್ಕೆ ಈಗ ಸೀರೆಯ ಸೆರಗಿಗೆ ಕುಚ್ಚು ಹಾಕುತ್ತಿದೆ. ಹೆಣಿಗೆಗೂ ಲೇಸಿಗೂ ಯಂತ್ರಗಳು ಬಂದು ಶತಮಾನವೇ ಕಳೆದಿದ್ದರೂ, ನಿಜವಾದ ಕ್ರೋಶಾವನ್ನು ಹೆಣೆಯುವ ಯಂತ್ರ ಇನ್ನೂ ಪೇಟೆಗೆ ಬಂದಿಲ್ಲ. ಅಗ್ಗಕ್ಕೆ ಸಿಗುವ ಕ್ರೋಶಾದ ತುಂಡೆಲ್ಲವೂ ಯಾವಳೋ ಒಬ್ಬಳು ಕೈಯಲ್ಲೇ ಹೆಣೆದುದು. ಮಿಷನರಿಗಳಿಂದಲೇ ಈ ವಿದ್ಯೆಯನ್ನು ಕಲಿತ ಗೋದಾವರಿಯ ಮುಖಜಭೂಮಿಯ ನರಸಾಪುರದಲ್ಲಿ ಸಹಸ್ರಾರು ಹೆಂಗಸರು ಮನೆಗಳೊಳಗೆ ಕೂತು ಪರದೇಶದ ಮೇಜುಗಳಿಗೆ ಲೇಸು ಹೆಣೆಯುತ್ತಿದ್ದುದನ್ನೂ, ಅದನ್ನು ಬಿಡುವಿನ ಕೆಲಸವೆಂದು ಕರೆದು ಅವರಿಗೆ ಅತ್ಯಲ್ಪ ಕೂಲಿ ಕೊಡುತ್ತಿದ್ದುದನ್ನೂ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ 1982ರಲ್ಲಿ ಪುಸ್ತಕವಾಗಿ ಬರೆದಳು. ಪಾತ್ರೆಯ ಅರಿವೆಗೆ ಮಾತ್ರ ಬಹುಕಾಲ ಆ ದಲ್ಲಾಳಿಗಳ ಕಣ್ಣು ತಾಗಲಿಲ್ಲ. ಅದನ್ನು ಹೆಣೆದವಳೇ ಅದರಿಂದ ತೊಳೆಯುತ್ತಿದ್ದಳು.